ಬಾಗಿಲ ಕಡೆಗೆ ಒಂದು ಬೆರಳು

ಪ್ರೆಸ್ಸಿನ ಹಿಂದಿನ ಕೋಣೆಯ ಬೀಗ ತೆಗೆದು ಒಳಗೆ ಇಣುಕಿದ ಮಾದುವಿಗೆ, ಹದಿನಾಲ್ಕು ದಿನದ ಹಿಂದೆ ತಾನು ಹಾಕಿದ ನೆಲ ತಪ್ಪಾಗಿದೆ ಎನ್ನುವುದು ಚಪ್ಪಲಿ ಬಿಡುವ ಮೊದಲೇ ಗೊತ್ತಾಗಿಹೋಯಿತು. ಸಿಮೆಂಟು ಗಟ್ಟಿಯಾಗಲೆಂದು ಹೊಸ್ತಿಲ ಒಳಗೆ ಮಣ್ಣಿನ ಬದು ಕಟ್ಟಿ ಕೋಣೆ ತುಂಬ ನಿಲ್ಲಿಸಿದ್ದ ನೀರು ಎರಡು ದಿನದಿಂದ ಆರುತ್ತಾ ಬಂದು, ಹಿಂದಿನ ಗೋಡೆಯ ಬಳಿ ಬರೀ ತೇವವಾಗಿ ಉಳಿದಿತ್ತು. ಬಾಗಿಲ ಬಳಿ ಮಾತ್ರ ಕಾಲಿಂಚು ಆಳ ನಿಂತು ಬಿಸಿಲಿಗೆ ಹೊಳೆಯುತ್ತಿತ್ತು. ಬೇರೆ ಯಾರೇ ನೋಡಿದ್ದರೂ ಒದ್ದೆ ನೆಲ ಅಂದುಕೊಂಡು ಹೋಗುತ್ತಿದ್ದರು. ಮಾದು ಹೊಸ್ತಿಲ ಮೇಲೆ ಕುಕ್ಕುರುಗಾಲಲ್ಲಿ ಕೂತ, ನೀರಿಗೆ ಬೆರಳು ಇಳಿಬಿಟ್ಟ, ಉಗುರು ಮುಳುಗಿದ್ದು ನೋಡಿದ. ನಂಜನಗೂಡಿನಿಂದ ಟಿ. ನರಸೀಪುರದವರೆಗೆ ನೂರ ನಲವತ್ತು ಚಿಲ್ಲರೆ ನೆಲ ಹಾಕಿದ ಕೈ ಅದು. ಒಂದು ನೆಲಕ್ಕೂ ಯಾರೂ ವಾಪಸ್ ಕರೆದಿರಲಿಲ್ಲ. ಕರೆಯುವ ಸಂದರ್ಭವೇ ಕಡಿಮೆ, ಅದು ಬೇರೆ ಮಾತು. ಹಿಂದಿನ ಗೋಡೆಯಿಂದ ಹಿಮ್ಮೆಟ್ಟುತ್ತಾ ಉಜ್ಜಿಕೊಂಡು ಬಂದು ಬಾಗಿಲಿಂದ ಆಚೆ ಬಿದ್ದರೆ, ಆಮೇಲೆ ಆ ಮನೆಗಳಲ್ಲಿ ಮುಕ್ಕಾಲುಪಾಲಿನವರು ಅವನನ್ನು ಜಗಲಿಯ ಮೇಲೇ ಮಾತಾಡಿಸಿ ಕಳಿಸುವವರು. ತಾನು ಹಾಕಿದ ನೆಲದ ಮೇಲೆ ಇನ್ನೊಂದು ಸಲ ಕಾಲಿಡುವ ಭಾಗ್ಯ ಅವನಿಗೆ ದೊರೆತದ್ದು ನಾಲ್ಕೋ ಐದೋ ಮನೆಗಳಲ್ಲಿ.

ಹನ್ನೊಂದು ಗಂಟೆಗೆ ಮೈಸೂರಿನಿಂದ ಮೆಷಿನ್ನು ಬರುವುದಿತ್ತು. ಮದುವೆ ಕಾಗದ ಅಚ್ಚು ಹಾಕುವ ನಂಜೇಶ ಹಳೆಯದೊಂದು ಆಫ್‌ಸೆಟ್ ಮೆಷಿನ್ನು ಕೊಂಡಿದ್ದ. ನೆಲ ಹಾಕಿಸುವ ಮುಂಚೆ ಅವನು ಮಾದುವನ್ನು ಇದೇ ಕೋಣೆಯಲ್ಲಿ ನಿಲ್ಲಿಸಿಕೊಂಡು, ಮೆಷಿನ್ನು ಒಂದು ಕೂದಲಿನಷ್ಟು ವಾಲಿದರೂ ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವುದಿಲ್ಲ, ಗಣಪತಿಯ ಸೊಂಡಿಲು ಒಂದು ಕಡೆ, ಅದರ ಕೆಂಪು ಒಂದು ಕಡೆ ಆಗುತ್ತದೆ ಎಂದು ಬಿಡಿಸಿ ಹೇಳಿದ್ದ. 'ಮನೆ ನೆಲ ಅಲ್ಲ ಕಣೋ ಇದು, ವಾಟಗೀಟ ಏನೂ ಬೇಡ, ಶುದ್ಧ ಮಟ್ಟ ಬೇಕು' ಅಂದಿದ್ದ. ವಾಟ ಅಂದರೆ ತೊಳೆದ ನೀರು ತಾನಾಗಿ ಹೊರಗೆ ಹರಿಯಲೆಂದು ನೆಲಕ್ಕೆ ಕೊಡುವ ಇಳಿಜಾರು. ಅದು ಬೇಡ ಅಂದದ್ದನ್ನು ಮಾದು ಕಿವಿಯಾರೆ ಕೇಳಿದ್ದ. ಕೇಳಿ, 'ಒಂದು ಗೋಲಿ ಮಡಗಿ ಸಾ. ಮಡಗಿದ ತಾವೇ ನಾಳೆ ಬೆಳಿಗ್ಗೆಗಂಟ ಕುಂತಿರ್ತದೆ' ಎಂದು ಎದೆ ಸೆಟೆಸಿ ಹೇಳಿದ್ದ. ಆ ಮಾತು ಈಗ ನೆನಪಾಗಿ ಅವನಿಗೆ ಕಿವಿ ಬಿಸಿಯಾಯಿತು.

ಬದು ಒಡೆದ. ನೀರು ಯಾರೂ ತಳ್ಳದೆ ಹೊಸ್ತಿಲು ದಾಟಿ ಹೋಯಿತು. ಚೀಲದಿಂದ ರಸಮಟ್ಟ ತೆಗೆದು ಗೋಡೆಯ ಬಳಿ ಇಟ್ಟ, ನಡುವೆ ಇಟ್ಟ, ಬಾಗಿಲ ಬಳಿ ಇಟ್ಟ. ಗಾಜಿನ ಕೊಳವೆಯೊಳಗಿನ ಗುಳ್ಳೆ ಎಲ್ಲೆಲ್ಲಿ ಇಟ್ಟರೂ ಗೆರೆಯಿಂದ ಒಂದೇ ಅಳತೆಯಷ್ಟು ಹಿಂದಕ್ಕೆ ಸರಿದು ನಿಂತಿತು. ಆರು ಅಡಿಯ ಮಟ್ಟಗೋಲು ತಂದು ನೆಲದ ಮೇಲೆ ಅಡ್ಡಡ್ಡ, ಉದ್ದುದ್ದ ಮಲಗಿಸಿ ಕೆಳಗೆ ಬೆಳಕು ಕಾಣುತ್ತದೋ ಎಂದು ಕೆನ್ನೆ ನೆಲಕ್ಕೆ ತಾಗಿಸಿ ನೋಡಿದ. ಒಂದು ಬೀಡಿ ಎಲೆ ತೂರುವಷ್ಟು ಸಂದು ಕೂಡ ಇರಲಿಲ್ಲ. ಎಂಥ ನೆಲ, ಎಂದುಕೊಂಡ. ಇಷ್ಟು ಸಮವಾದ ವಾಟವನ್ನು ಬೇಕೆಂದು ಕೊಡುವ ಗಾರೆಯವನು ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ತಪ್ಪಿನಲ್ಲೂ ತನ್ನ ಕೈ ತಪ್ಪಿಲ್ಲ ಎಂಬ ಒಂದು ಹೆಮ್ಮೆ ಮೂಡಿ, ಅದರ ಹಿಂದೆಯೇ ಹೇಸಿಗೆಯೂ ಆಯಿತು. ಮಟ್ಟದ ಪೈಪಿನಲ್ಲಿ ನೀರು ಹಿಡಿದು ನಾಲ್ಕು ಗೋಡೆಗೂ ಗುರುತು ಹಾಕಿದ್ದು ಸರಿಯಾಗಿಯೇ ಇತ್ತು, ಸೀಸದಕಡ್ಡಿಯ ಗೆರೆಗಳು ಇನ್ನೂ ಅಲ್ಲೇ ಇದ್ದವು. ಆ ಗೆರೆಯಿಂದ ಕೆಳಗೆ ಅಳೆದು ಮೂರಡಿಗೊಂದರಂತೆ ಗಾರೆಯ ಗುಡ್ಡೆ ಕೂರಿಸುತ್ತಾರೆ. ಗುಡ್ಡೆಗಳ ತಲೆಯ ಮೇಲೆ ಮಟ್ಟಗೋಲು ಎಳೆದರೆ ನೆಲ. ಬಾಗಿಲ ಬಳಿಯ ಗುಡ್ಡೆಗಳನ್ನು ಕರಣೆಯ ಬೆನ್ನಿನಿಂದ ಇನ್ನೊಂದಿಷ್ಟು ಅದುಮಿದ್ದು ಈಗ ನೆನಪಾಯಿತು. ಅದುಮಿದ್ದು ಅವನಲ್ಲ, ಅವನ ಕೈ. ಆಗ ಅವನು ಬೇರೇನೋ ಮಾತಾಡುತ್ತಿದ್ದ. ಜೊತೆಗೆ ಕೆಲಸ ಮಾಡುವ ಕೃಷ್ಣನ ಮಗಳ ಶಾಲೆಯ ವಿಷಯ ಇರಬೇಕು. ಹನ್ನೆರಡು ವರ್ಷದಿಂದ ಯಾವ ನೆಲ ಹಾಕಿದರೂ ಕೈ ಅಲ್ಲಿಗೆ ಬಂದಾಗ ಹಾಗೆ ಅದುಮುತ್ತಿತ್ತು, ಮನೆಯೊಡೆಯರು ವಾಟ ಕೇಳಲಿ, ಕೇಳದಿರಲಿ.

'ಬಾಗಲ ಕಡೀಕೆ ಒಂದು ಬೆರಳು ವಾಟ ಕೊಟ್ಟು ಎಳೀಲಾ, ನಾನು ಸುಣ್ಣ ತಕ್ಕೊಂಡು ಬತ್ತೀನಿ' ಎಂದು ಜವರಯ್ಯ ಹೇಳಿ ಹೋದದ್ದು ತೊಂಬತ್ತೊಂದರಲ್ಲಿ, ಟಿ. ನರಸೀಪುರದ ಛತ್ರದ ಊಟದ ಮನೆಯಲ್ಲಿ. ಜವರಯ್ಯ ಅವನಿಗೆ ಕರಣೆ ಹಿಡಿಯುವುದನ್ನು ಕಲಿಸಿದ ಮೇಸ್ತ್ರಿ. ಮಾದುವಿಗೆ ಆಗ ಇಪ್ಪತ್ತನಾಲ್ಕು, ಮೈಸೂರಿನಿಂದ ಹೊಸ ರಸಮಟ್ಟ ತಂದು ವಾರವಾಗಿತ್ತು, ಊಟಕ್ಕೆ ಕೂತಾಗಲೂ ಅದನ್ನು ಪಕ್ಕದಲ್ಲಿ ಇಟ್ಟುಕೊಂಡು ಗುಳ್ಳೆ ನೋಡುತ್ತಿದ್ದ. ಗುಳ್ಳೆ ಎರಡು ಗೆರೆಗಳ ನಡುವೆ ಅಲುಗದೆ ನಿಲ್ಲಬೇಕು, ನೋಡಿದವರು ಬಾಯಿ ತೆರೆಯಬೇಕು, ಜವರಯ್ಯನೂ ತೆರೆಯಬೇಕು. ವಾಟಗೀಟ ಎಲ್ಲ ಹಳೆಯವರ ಕಾಲದ್ದು. ಸುಣ್ಣ ತರಲು ಹೋದ ಜವರಯ್ಯ ಹಾಗೇ ಯಾರದೋ ಸಾವಿಗೂ ಹೋಗಿ ಸಂಜೆ ಬರುವಷ್ಟರಲ್ಲಿ ನೆಲ ಶುದ್ಧ ಮಟ್ಟವಾಗಿ, ಕೆಂಪು ಬಣ್ಣ ಕುಡಿದು, ಉಕ್ಕಿನ ಕರಣೆಯ ಉಜ್ಜಿಗೆ ಮುಖ ಕಾಣುವಂತೆ ಆಗಿತ್ತು. ಜವರಯ್ಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. 'ಚೆಂದಾಗದೆ' ಅಂದ. ಆಮೇಲೆ, 'ನೀರು ಎಲ್ಲಿಗೆ ಓಯ್ತದ್ಲಾ?' ಅಂದ. ಹಸಿ ನೆಲ ಕೆಡವಬೇಕೋ ಬಿಡಬೇಕೋ ಎಂದು ಅವನು ಯೋಚಿಸಿದ್ದಿರಬೇಕು. ಮಾದುವಿನ ಮುಖ ನೋಡಿ ಬಿಟ್ಟ. ಆ ಛತ್ರದಲ್ಲಿ ನೆಲ ತೊಳೆಯುವ ಕೆಲಸ ಮಾದುವಿನ ತಾಯಿ ಮಂಚಮ್ಮನದು. ಮೊದಲ ಮದುವೆಯ ಮರುದಿನ ಬೆಳಿಗ್ಗೆ ಅವಳು ಸೋಪಿನ ನೀರು ಸುರಿದು ಪೊರಕೆ ಹಾಕಿದಳು. ನೀರು ಹೋಗಲಿಲ್ಲ. ತಳ್ಳಿದಷ್ಟೂ ತಿರುಗಿ ಬಂದು ಅವಳ ಕಾಲ ಸುತ್ತ ನಿಂತಿತು. ಪಾಯಸದ ಜಿಡ್ಡು, ಸೋಪು, ಮುಖ ಕಾಣುವ ನೆಲ. ಬಿದ್ದವಳ ಸೊಂಟದ ಮೂಳೆ ಕೊನೆಗೂ ನೆಟ್ಟಗೆ ಕೂಡಲಿಲ್ಲ.

'ಏನಯ್ಯ, ಮಟ್ಟಗೋಲಿಗೆ ಅಡ್ಡಬಿದ್ದಿದ್ದೀಯ?' ಎಂದು ಹಿಂದಿನಿಂದ ನಂಜೇಶನ ದನಿ ಕೇಳಿ ಮಾದು ಕೆನ್ನೆ ಒರೆಸಿಕೊಂಡು ಎದ್ದ. ನಂಜೇಶನ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ, ಖುಷಿಯಾಗಿದ್ದ. ಅವನ ಜೊತೆಗೆ ಮೈಸೂರಿನ ಫಿಟ್ಟರ್ ಗಂಗಾಧರಸ್ವಾಮಿ ಲಾರಿಗಿಂತ ಮೊದಲೇ ಬಸ್ಸಿನಲ್ಲಿ ಬಂದಿಳಿದಿದ್ದ. ತೆಳ್ಳಗೆ, ನಡುವಯಸ್ಸಿನ, ಜೇಬಿನಲ್ಲಿ ಮೂರು ಪೆನ್ನಿನ ಮನುಷ್ಯ. ಚಹಾ ಬಂತು. ಅವರಿಬ್ಬರಿಗೂ ಗಾಜಿನ ಲೋಟ, ಮಾದುವಿಗೆ ಪ್ಲಾಸ್ಟಿಕ್ಕಿನದು. ಅದನ್ನು ಮಾದು ಗಮನಿಸಿದ, ಗಮನಿಸಿದ್ದಕ್ಕೆ ತನ್ನ ಮೇಲೇ ಸಿಡುಕಿದ, ಕುಡಿದ. ಗಂಗಾಧರಸ್ವಾಮಿ ಲೋಟ ಕಿಟಕಿಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ್ದ ಒಂದು ಗೇಣುದ್ದದ ಉಕ್ಕಿನ ರಸಮಟ್ಟ ಹೊರತೆಗೆದ. ಅಂಥದ್ದನ್ನು ಮಾದು ನೋಡಿರಲಿಲ್ಲ. ನೆಲಕ್ಕೆ ಇಡುವ ಮೊದಲೇ ಅದು ಏನು ಹೇಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಈಗ ಹೇಳಿಬಿಡಬೇಕು ಎಂದುಕೊಂಡ. ತಾಯಿ ಬಿದ್ದ ದಿನವೂ ಹೀಗೇ, ಈಗ ಹೇಳಿಬಿಡಬೇಕು ಎಂದುಕೊಂಡೇ ಸಂಜೆಯಾಗಿತ್ತು. ಅಷ್ಟರಲ್ಲಿ ನೆಲ ಜವರಯ್ಯ ಮೇಸ್ತ್ರಿಯದು ಎಂದು ಛತ್ರದವರು ಹೇಳಿಯಾಗಿತ್ತು, ಮಂಚಮ್ಮ ಮಂಚದಿಂದಲೇ ಅವನ ಕೈ ಸೇದಿಹೋಗಲಿ ಎಂದು ಶಪಿಸಲು ಶುರುಮಾಡಿಯಾಗಿತ್ತು.

ಜವರಯ್ಯ ಒಂದು ಸಲ ಬಂದಿದ್ದ. ಮಾದುವಿನ ಊರಾದ ಹದಿನಾರಿಗೆ ಬಸ್ಸಿನಲ್ಲಿ ಬಂದು, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಾಗಿಲ ಹೊರಗೆ ನಿಂತ. ಮಂಚಮ್ಮ ಅವನನ್ನು ಒಳಗೆ ಕರೆಯಲಿಲ್ಲ. 'ನಿನ್ನ ಕೈಗೆ ಉಳ ಬೀಳ, ನಿನ್ನೆಂಡ್ರೂ ಇಂಗೇ ಮಲಗ್ಲಿ' ಎಂದು ಕೇರಿಗೆಲ್ಲ ಕೇಳುವಂತೆ ಬೈದಳು. ಜವರಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗೆ ಗೋಡೆಗೊರಗಿ ನಿಂತಿದ್ದ ಮಾದುವಿನ ಕಡೆ ಒಂದೇ ಒಂದು ಸಲ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಮಾದು ಉಳಿದುಕೊಳ್ಳುತ್ತಿದ್ದ. 'ತಪ್ಪಾಯ್ತು ಕಣವ್ವಾ' ಎಂದು ಜವರಯ್ಯ ಮಂಚಮ್ಮನಿಗೆ ಹೇಳಿ, ಬಾಳೆಹಣ್ಣು ಜಗಲಿಯ ಮೇಲಿಟ್ಟು ಹೊರಟುಹೋದ. ಆ ಮೇಲೆ ಅವನಿಗೆ ನೆಲದ ಕೆಲಸ ಕೊಡುವವರು ಕಡಿಮೆಯಾದರು. ಬರೀ ಗೋಡೆ ಕಟ್ಟುತ್ತಿದ್ದಾನೆ ಎಂದು ಯಾರೋ ಹೇಳಿದ್ದರು. ನೆಲದ ಕೆಲಸವೆಲ್ಲ ಮಾದುವಿಗೆ ಬಂತು. ಟಿ. ನರಸೀಪುರದಲ್ಲಿ ಕೆಲಸವಿದ್ದ ದಿನ ಅವನು ಜವರಯ್ಯನ ಬೀದಿ ತಪ್ಪಿಸಿ ಹೊಳೆಯ ಕಡೆಯಿಂದ ಸುತ್ತಿ ಹೋಗುತ್ತಿದ್ದ. ವಾಟ ಮಾತ್ರ ಎಲ್ಲ ನೆಲಕ್ಕೂ ಕೊಟ್ಟ. ಹಾಗೆ ಕೊಟ್ಟರೆ ಎಲ್ಲಿಗೋ ಏನೋ ಸಂದಾಯವಾಗುತ್ತದೆ ಎಂದು ಅವನ ಕೈ ನಂಬಿದಂತಿತ್ತು.

'ಒಂದೂವರೆ ಗೆರೆ ಹೊರಗಿದೆ' ಎಂದ ಗಂಗಾಧರಸ್ವಾಮಿ. ಮೂರು ಕಡೆ ಇಟ್ಟು ನೋಡಿ, ಮಂಡಿಯ ಧೂಳು ಕೊಡವಿಕೊಂಡು, ಮಾದುವನ್ನು ಬಿಟ್ಟು ನಂಜೇಶನಿಗೇ ಹೇಳಿದ. 'ಬಾಗಿಲ ಕಡೆಗೆ ಇಳಿದಿದೆ ಸರ್. ಮೆಷಿನ್ನಿನ ಕಾಲಡಿ ತಗಡು ಕೊಟ್ಟು ಎತ್ತಿ ಕೂರಿಸಬಹುದು, ಆದರೆ ಓಡ್ತಾ ಓಡ್ತಾ ಜರುಗುತ್ತೆ. ಆರು ತಿಂಗಳಿಗೆ ನನ್ನನ್ನೇ ಬೈತೀರಿ.' ನಂಜೇಶನ ಮುಖದ ಖುಷಿ ನಿಧಾನಕ್ಕೆ ಇಳಿಯಿತು. ಅವನು ನೆಲ ನೋಡಿದ, ಮಾದುವನ್ನು ನೋಡಿದ. ಕೆಟ್ಟ ಮನುಷ್ಯನಲ್ಲ ಅವನು. ಹತ್ತು ವರ್ಷದ ಪರಿಚಯ, ಮರ್ಯಾದೆ ಉಳಿಸುವ ದಾರಿಯೊಂದನ್ನು ತಾನೇ ತೋರಿಸಿದ. 'ಬಾಗಿಲ ಹತ್ರ ಆವತ್ತು ನಿಮ್ಮ ಕೃಷ್ಣ ಕೂತಿದ್ದ ಅಲ್ವಾ? ನಾನೇ ನೋಡಿದೆ. ಅವನೇ ಎಡವಟ್ಟು ಮಾಡಿರಬೇಕು. ನಿನ್ನ ಕೈ ಹಿಂಗೆ ಹೋಗಲ್ಲ' ಅಂದ. ಕೃಷ್ಣ ಬಾಗಿಲ ಬಳಿ ಕೂತದ್ದು ನಿಜ. ಮಟ್ಟಗೋಲಿನ ಆ ತುದಿ ಹಿಡಿದು, ಮಾದು ಎಳೆ ಅಂದಾಗ ಎಳೆದಿದ್ದ. ಇವತ್ತು ಅವನು ತಾಂಡವಪುರದಲ್ಲಿ ಯಾವುದೋ ಗೋಡೌನಿಗೆ ಹೋಗಿದ್ದ, ಇಲ್ಲಿ ಏನು ಹೇಳಿದರೂ ಅವನ ಕಿವಿಗೆ ಬೀಳುತ್ತಿರಲಿಲ್ಲ. ಹೂಂ ಎಂಬ ಒಂದೇ ಅಕ್ಷರ ಸಾಕಿತ್ತು, ತಲೆ ಆಡಿಸಿದ್ದರೂ ಸಾಕಿತ್ತು. ಹೂಂ ಅಂದ ಮೇಲೆ ಕೃಷ್ಣ ಇನ್ನು ಬರೀ ಗೋಡೆ ಕಟ್ಟಿಕೊಂಡಿರುತ್ತಾನೆ ಎಂಬುದು ಮಾದುವಿಗೆ ಸ್ಪಷ್ಟವಾಗಿ ಕಂಡಿತು. ಕಂಡೊಡನೆ, ಈ ಸಲ ಹೂಂ ಅನ್ನುವುದಿಲ್ಲ ಎಂದು ತೀರ್ಮಾನವಾಗಿ ಅವನ ಮನಸ್ಸು ಹಗುರವಾಗಿಹೋದದ್ದು ಅವನಿಗೇ ಆಶ್ಚರ್ಯ.

'ಇಲ್ಲ ಸಾ. ಕೃಷ್ಣ ಕೋಲು ಇಡ್ಕಂಡಿದ್ದ ಅಷ್ಟೇಯ. ಗುಡ್ಡೆ ಮಡಗ್ದೋನು ನಾನು. ನೀವು ಮಟ್ಟ ಕೇಳುದ್ರಿ, ನಾನು ವಾಟ ಕೊಟ್ಟಿವ್ನಿ.'

'ಯಾಕೆ?'

'ಕೈ ಓಯ್ತು ಸಾ.'

ನಂಜೇಶನಿಗೆ ಸಿಟ್ಟು ಬಂದದ್ದು ಈಗ. ದಾರಿ ತೋರಿಸಿದರೂ ಹಿಡಿಯದವನ ಮೇಲೆ ಬರುವ ಸಿಟ್ಟು. ಲಾರಿ ಕಡಕೊಳ ದಾಟಿರುತ್ತದೆ, ಮೆಷಿನ್ನು ಇಳಿಸುವುದೆಲ್ಲಿ, ಮುಂದಿನ ತಿಂಗಳ ಮದುವೆ ಕಾಗದಗಳ ಗತಿಯೇನು ಎಂದು ಒಂದಾದ ಮೇಲೊಂದು ಕೇಳಿ, ಕೊನೆಗೆ ಗಂಗಾಧರಸ್ವಾಮಿಯ ಕಡೆ ತಿರುಗಿ, 'ಇವರ ಜನಕ್ಕೆ ಕೆಲಸ ಕೊಟ್ಟರೆ ಇಷ್ಟೇ ನೋಡಿ' ಎಂದ. ಫಿಟ್ಟರು ಕಿಟಕಿಯ ಕಡೆ ಮುಖ ಮಾಡಿ ತನ್ನ ರಸಮಟ್ಟವನ್ನು ಬಟ್ಟೆಯಲ್ಲಿ ಸುತ್ತತೊಡಗಿದ. ಬೇರೆ ದಿನವಾಗಿದ್ದರೆ ಮಾದು ಆ ಮಾತನ್ನು ನುಂಗಿ, ಮನೆಗೆ ಹೋಗುವವರೆಗೂ ಅದನ್ನೇ ಜಗಿಯುತ್ತಿದ್ದ. ಇವತ್ತು ಅವನ ದನಿ ನೆಟ್ಟಗೆ ಬಂತು.

'ನಮ್ಮ ಜನದ್ದಲ್ಲ ಸಾ. ನಂದು.'

ಮಾದು ಸೀಮೆಸುಣ್ಣ ತೆಗೆದು, ಮೆಷಿನ್ನು ಎಷ್ಟು ಉದ್ದ, ಎಷ್ಟು ಅಗಲ ಎಂದು ಫಿಟ್ಟರನ್ನೇ ಕೇಳಿ, ನೆಲದ ಮೇಲೆ ಚೌಕ ಎಳೆದ. ಇಷ್ಟು ಮಾತ್ರ ಕೆತ್ತಿ ತೆಗೆದು ಮತ್ತೆ ಹಾಕುತ್ತೇನೆ, ನಾಳೆ ಬೆಳಿಗ್ಗೆ ಶುರು, ಹತ್ತು ದಿನ ನೀರು ಕುಡಿಯಲಿ, ಅಲ್ಲಿಯವರೆಗೆ ಮೆಷಿನ್ನು ಹಿತ್ತಲ ಶೀಟಿನ ಕೆಳಗೆ ಟಾರ್ಪಾಲು ಹೊದ್ದು ಇರಲಿ, ಚೌಕದ ಸುತ್ತಲಿನ ನೆಲ ಹಾಗೇ ಬಿಡೋಣ, ಶಾಯಿ ತೊಳೆಯುವ ಹೆಂಗಸಿಗೆ ವಾಟ ಬೇಕಾಗುತ್ತದೆ ಎಂದ. ಹೇಳಿದ್ದು ಕೇಳಿಕೊಳ್ಳುವ ದನಿಯಲ್ಲಿ ಅಲ್ಲ, ಕೆಲಸ ಗೊತ್ತಿದ್ದವನ ದನಿಯಲ್ಲಿ. ಗಂಗಾಧರಸ್ವಾಮಿ ಮೊದಲ ಸಲ ಅವನ ಮುಖ ನೋಡಿ, 'ನನ್ನ ಮಟ್ಟ ಇಲ್ಲೇ ಬಿಟ್ಟು ಹೋಗಿರ್ತೀನಿ, ನಾಳೆ ಗುಡ್ಡೆ ಕೂರಿಸುವಾಗ ಇದನ್ನೇ ಇಟ್ಕೊಳ್ಳಿ' ಎಂದ. ನಂಜೇಶ ಒಂದು ಗಳಿಗೆ ಗೊಣಗಿ, 'ನಾಳೆ ಏಳಕ್ಕೆ ಬಾ' ಎಂದು ಹೇಳಿ ಲಾರಿಗೆ ಫೋನು ಮಾಡಲು ಹೋದ.

ಕೆತ್ತುವ ಚಾಣಗಳು ಮನೆಯಲ್ಲಿದ್ದವು. ಅದೊಂದು ನೆಪ. ನಿಜವೆಂದರೆ, ನಂದು ಎಂಬ ಆ ಮಾತು ಇನ್ನೂ ಬಾಯಲ್ಲಿ ಬೆಚ್ಚಗಿತ್ತು, ಅದು ತಣ್ಣಗಾಗುವ ಮೊದಲು ಹದಿನಾರಿನ ಮನೆ ಮುಟ್ಟಬೇಕಿತ್ತು. ಹೊಳೆಯ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಎಲ್ಲಿ ನಿಂತೇಬಿಡುತ್ತದೋ ಎಂದು ಅವನಿಗೆ ದಿಗಿಲಾಯಿತು. ಕಂಡಕ್ಟರು ಮಟ್ಟಗೋಲು ತೋರಿಸಿ ಇದಕ್ಕೂ ಒಂದು ಸೀಟು ಬೇಕೇನಯ್ಯ ಎಂದ, ಸುತ್ತಲಿನವರು ನಕ್ಕರು, ಮಾದುವೂ ನಕ್ಕ. ಹನ್ನೆರಡು ವರ್ಷದಲ್ಲಿ ಈ ಮಾತನ್ನು ಎಷ್ಟೋ ಸಲ ಈ ದಾರಿಯಲ್ಲೇ ಜೋಡಿಸಿಕೊಂಡಿದ್ದ. ಅವ್ವ ನೊಂದುಕೊಳ್ಳುತ್ತಾಳೆ ಎಂದು ಬಿಟ್ಟೆ ಅಂದುಕೊಳ್ಳುತ್ತಿದ್ದ. ಅದು ಸುಳ್ಳು. ಅವಳು ಅನ್ನ ಕಲಸಿಕೊಂಡು ಜವರಯ್ಯನನ್ನು ಬೈಯುವಾಗ, ಎದುರಿಗೆ ಕೂತು ಉಣ್ಣುವ ತಾನು ಒಳ್ಳೆಯ ಮಗನಾಗಿ ಉಳಿದಿರುತ್ತಿದ್ದ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಅಷ್ಟೇ. ಇಷ್ಟು ಸಲೀಸಾದ ಕಾರಣವನ್ನು ಇಷ್ಟು ವರ್ಷ ಯಾಕೆ ನೋಡಲಿಲ್ಲವೋ ಎಂದು ಯೋಚಿಸುತ್ತಿರುವಾಗ ಊರು ಬಂತು.

ಮಂಚಮ್ಮ ಜಗಲಿಯ ಮೇಲೆ ಒಂದು ಕಾಲು ಚಾಚಿ ಕೂತು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಊರುಗೋಲು ಪಕ್ಕದಲ್ಲಿತ್ತು. ಸೊಸೆ ರೋಜಾ ಕೂಲಿಗೆ ಹೋಗಿದ್ದಳು. 'ಯಾಕ್ಲಾ ಈಟೊತ್ಗೇ ಬಂದೆ? ಕೆಲಸ ಇಲ್ವಾ?' ಎಂದಳು.

ಮಾದು ಮಟ್ಟಗೋಲು ಗೋಡೆಗೆ ಒರಗಿಸಿದ. ಕೂರಲಿಲ್ಲ. 'ಅವ್ವಾ, ನರಸೀಪುರದ ಛತ್ರದ ನೆಲ ಹಾಕ್ದೋನು ಜವರಯ್ಯ ಅಲ್ಲ. ಅವನು ವಾಟ ಕೊಡು ಅಂತ ಏಳಿ ಓಗಿದ್ದ. ನಾನು ಕೊಡಲಿಲ್ಲ. ನೀನು ಬಿದ್ದಿದ್ದು ನನ್ನ ನೆಲದಾಗೆ.'

ಮಂಚಮ್ಮನ ಕೈ ಮೊರದಲ್ಲೇ ನಿಂತಿತು. ಅವಳು ಅಳುತ್ತಾಳೆ ಎಂದುಕೊಂಡ, ಇಲ್ಲವೇ ಊರುಗೋಲು ಎತ್ತುತ್ತಾಳೆ ಎಂದುಕೊಂಡ. ಎರಡಕ್ಕೂ ಅವನು ತಯಾರಾಗಿಯೇ ಬಂದಿದ್ದ. ಅವಳು ಚಾಚಿದ ಕಾಲಿನ ಕಡೆ ನೋಡಲೇ ಇಲ್ಲ. ಹುರುಳಿಯ ಒಂದು ಕಲ್ಲನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬೀದಿ ನೋಡುತ್ತಾ ಕೂತಳು.

'ಅವನು ಬಂದಿದ್ನಲ್ಲಾ, ಬಾಳೆಅಣ್ಣು ತಕ್ಕೊಂಡು. ಆಗ ನೀನು ಎಲ್ಲಿದ್ದೆ?'

'ಒಳಗಿದ್ದೆ.'

'ನಾನು ಅಂದಿದ್ನೆಲ್ಲ ಕೇಳುಸ್ಕಂಡೆ.'

'ಊಂ.'

'ಅವನ ಎಂಡ್ತಿ ತೀರೋಗಿ ನಾಕೊರ್ಸ ಆಯ್ತು. ಮಲಗ್ದೋಳು ಏಳ್ನೇ ಇಲ್ವಂತೆ.' ಇದು ಮಾದುವಿಗೆ ಗೊತ್ತಿರಲಿಲ್ಲ. ಮಂಚಮ್ಮ ಕಲ್ಲನ್ನು ಅಂಗಳಕ್ಕೆ ಎಸೆದಳು. 'ಕಾಲು ಓದ್ರೆ ಓಗ್ಲಿ, ಬಿದ್ದ ಕಾಲು. ನನ್ನ ಬಾಯಿ ಯಾಕ್ಲಾ ಆಳು ಮಾಡ್ದೆ?'

ಮಂಚಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಊರುಗೋಲು ಊರಿ, ಗೋಡೆ ಹಿಡಿದು ಏಳತೊಡಗಿದಳು. ಅವನು ಹಿಡಿದುಕೊಳ್ಳಲು ಹೋದಾಗ ಕೈ ಕೊಡವಿದಳು. ಹನ್ನೆರಡು ವರ್ಷದಿಂದ ಅವಳು ಊರ ಬಾವಿಯ ಆಚೆಗೆ ಹೋದವಳಲ್ಲ. ಎದ್ದು ನಿಂತು, ಉಸಿರು ಹಿಡಿದುಕೊಂಡು, ಸೆರಗು ತಲೆಯ ಮೇಲೆ ಎಳೆದುಕೊಂಡಳು.

'ಆಟೋ ತಕ್ಕೊಂಬಾ ಓಗು. ನರಸೀಪುರಕ್ಕೆ.'

'ಈಗ್ಲೇನವ್ವಾ? ನಾಳೆ ಬೆಳಿಗ್ಗೆ ನಂಗೆ ಕೆಲ್ಸ…'

'ನಾನು ಅವನ ಮನೆ ಬಾಗಲಾಗೇ ನಿಂತ್ಕತೀನಿ. ನೀನು ನನ್ನ ಮುಂದೆ ನಿಂತ್ಕಂಡು ಬೀದಿಯೋರಿಗೆಲ್ಲ ಕೇಳಂಗೆ ಏಳ್ಬೇಕು, ಈಗ ನಂಗೇಳಿದ್ಯಲ್ಲ, ಅಂಗೇಯ.'

ಮಾದು ಅಂಗಳಕ್ಕಿಳಿದ. ಬಸ್‌ಸ್ಟಾಪಿನ ಹತ್ತಿರ ಎರಡು ಆಟೋ ಇರುತ್ತವೆ, ಒಂದಾದರೂ ಸಿಗುತ್ತದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವಳು ಆಗಲೇ ಜಗಲಿಯ ಮೆಟ್ಟಿಲಿಗೆ ಕೋಲು ಊರಿ, ಒಂದೊಂದೇ ಕಾಲಿಡುತ್ತಾ ತಾನೇ ಇಳಿದು ಬರುತ್ತಿದ್ದಳು.